ಭಾವನ ಫಟಫಟಿಗೆ ಮಜ್ಜಿಗೆಯ ಶ್ರುತಿ

ಮೊಸರಿನ ಗಡಿಗೆಯ ಎದುರಿಗೆ ಮೋಟಾರು ಸೈಕಲ್ಲು ನಿಲ್ಲಿಸಿ, ಕಡಗೋಲಿನ ಸದ್ದಿಗೆ ಎಂಜಿನ್ನಿನ ಸದ್ದನ್ನು ಹೊಂದಿಸಲು ಹೊರಟ ಮನುಷ್ಯ ಇಡೀ ಮೈಸೂರು ಸಂಸ್ಥಾನದಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಭಾವ. ಸಂಸ್ಥಾನದ ಮಾತೇಕೆ, ಆ ಗಾಡಿ ಹುಟ್ಟಿದ ವಿಲಾಯತಿಯಲ್ಲೂ ಇಂಥವರೊಬ್ಬರು ಇದ್ದಿರಲಾರರು! ಇದ್ದಿದ್ದರೆ ಅಲ್ಲಿಯವರು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯುತ್ತಿದ್ದರು.

ನಾನು ನಾದಿನಿ. ಭಾವನನ್ನು ಆಡಿಕೊಳ್ಳುವುದು ನನ್ನ ಹಕ್ಕು, ಯಾರೂ ಬೇಸರ ಮಾಡಿಕೊಳ್ಳಬಾರದು. ದುರ್ಗದ ನಮ್ಮಪ್ಪ ಮೊದಲು ಅಕ್ಕನನ್ನು ಹೊಳಲ್ಕೆರೆಯ ಕೊಬ್ಬರಿ ವ್ಯಾಪಾರಸ್ಥರ ಮನೆಗೆ ಕೊಟ್ಟರು, ನಾಲ್ಕು ವರ್ಷದ ಮೇಲೆ ನನ್ನನ್ನೂ ಅದೇ ಬೀದಿಗೆ ಕೊಟ್ಟರು. ಹಾಗಾಗಿ ಭಾವನ ಹುಚ್ಚಾಟವೆಲ್ಲ ನನ್ನ ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಕಿಟಕಿ ಮುಚ್ಚಿದರೆ ಕೇಳುತ್ತಿತ್ತು.

ರೈಲು ರಸ್ತೆ ಹಾಕಿಸಲು ಬಂದಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದ ಫಟಫಟಿ ಅದು. ಭಾವನ ಕೈಗೆ ಬರುವಾಗಲೇ ಮುದಿಯಾಗಿತ್ತು. ಟ್ಯಾಂಕು ತೂತಾಗಿತ್ತು, ಕಂಚುಗಾರರು ತೇಪೆ ಹಾಕಿದರು. ಸೀಟು ಹರಿದಿತ್ತು, ಚಮ್ಮಾರರು ಎತ್ತಿನ ಚರ್ಮ ಹೊಲಿದರು. ಪಕ್ಕಕ್ಕೆ ಒಂದು ಜಟಕಾ ಚಕ್ರ ಜೋಡಿಸಿ, ಅದರ ಮೇಲೆ ಮೇದಾರರಿಂದ ಹೆಣೆಸಿದ ದೊಡ್ಡ ಬಿದಿರ ಬುಟ್ಟಿ ಕಟ್ಟಿದರು. ಬುಟ್ಟಿ ಯಾರಿಗೆ? ನಮ್ಮಕ್ಕನಿಗೆ! ಅವಳನ್ನು ಅದರಲ್ಲಿ ಕೂರಿಸಿಕೊಂಡು ದುರ್ಗದ ತವರುಮನೆ ಬಾಗಿಲಿಗೆ ಹೋಗಿ ಇಳಿಯಬೇಕು, ಮಾವ ಅನ್ನಿಸಿಕೊಂಡವರು ಬಾಯಿ ಬಿಟ್ಟುಕೊಂಡು ನೋಡಬೇಕು. ಭಾವನಿಗೆ ಬದುಕಿನಲ್ಲಿ ಇದ್ದ ಆಸೆ ಅದೊಂದೇ.

ಅಕ್ಕ ಕೂತಳು. ಹೊಸ ಇಳಕಲ್ ಸೀರೆ ಉಟ್ಟು, ತವರಿಗೆಂದು ಮಾಡಿದ ಕಜ್ಜಾಯದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಇಡೀ ಬೀದಿ ನೋಡಲು ನಿಂತಿತ್ತು. ಗಾಡಿ ಒಂದು ಮಾರು ಮುಂದೆ ಹೋಯಿತೋ ಇಲ್ಲವೋ, ಢಂ! ಕೋಟೆಯ ಫಿರಂಗಿ ಹಾರಿಸಿದ ಹಾಗೆ ಸಿಡಿಯಿತು. ಡಬ್ಬಿ ಒಂದು ಕಡೆ, ಕಜ್ಜಾಯ ನಾಲ್ಕು ಕಡೆ, ಅಕ್ಕ ಎದುರು ಮನೆಯ ಜಗಲಿಯ ಮೇಲೆ! ಅವಳು ಅಲ್ಲಿಗೆ ಹೇಗೆ ಹೋದಳೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ನೋಡ್ರಿ, ಇದು ನಮ್ಮನೆ ಮಜ್ಜಿಗೆ ಕಡೆಯೋ ಹಂಗೆ ಮೆತ್ತಗೆ ಗುಡುಗುಡು ಅಂದ ದಿನ ಹೇಳ್ರಿ, ಅವತ್ತು ಕೂರ್ತೀನಿ," ಎಂದಳು ಅಕ್ಕ, ಜಗಲಿಯ ಮೇಲಿಂದಲೇ.

ಇನ್ನು ಈ ಜನ್ಮದಲ್ಲಿ ಕೂರುವುದಿಲ್ಲ ಎನ್ನುವುದಕ್ಕೆ ನಮ್ಮ ಕಡೆ ಹೆಂಗಸರು ಹಾಗೆ ಹೇಳುತ್ತಾರೆ. ಬುದ್ಧಿ ಇದ್ದ ಗಂಡಸಾದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದ. ನಮ್ಮ ಭಾವ ಮಾರನೆಯ ಬೆಳಿಗ್ಗೆ ಗಾಡಿಯನ್ನು ನೂಕಿಕೊಂಡು ಹೋಗಿ ಹಿತ್ತಲಲ್ಲಿ ಮಜ್ಜಿಗೆ ಕಂಬದ ಎದುರಿಗೆ ನಿಲ್ಲಿಸಿದರು!

ಆ ಗಾಡಿಯ ಪ್ರಾಣ ಇದ್ದದ್ದು ಕಾರ್ಬುರೇಟರು ಎಂಬ ಹಿತ್ತಾಳೆ ಡಬ್ಬಿಯಲ್ಲಿ. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದರ ಕೆಲಸ. ಗಾಳಿ ಹೆಚ್ಚಾದರೆ ಗಾಡಿ ಸೀನುತ್ತದೆ, ಪೆಟ್ರೋಲು ಹೆಚ್ಚಾದರೆ ಕೆಮ್ಮುತ್ತದೆ. ಎರಡೂ ಹದವಾಗಿ ಕೂಡಲು ಅದಕ್ಕೊಂದು ಸಣ್ಣ ತಿರುಪು. ಅಕ್ಕ ಕಡಗೋಲಿನ ಹಗ್ಗ ಎಳೆಯುವಳು, ಭಾವ ಕಣ್ಣು ಮುಚ್ಚಿ ಕೇಳುವರು, ತಿರುಪನ್ನು ಎಳ್ಳುಕಾಳಿನಷ್ಟು ತಿರುಗಿಸುವರು. ಹದ ಬಂತೋ ಇಲ್ಲವೋ ಎಂಬ ತೀರ್ಪು ಮಾತ್ರ ಅಕ್ಕನದು.

"ಬಂತಾ?"

"ಇಲ್ಲ."

"ಈಗ?"

"ಊಹ್ಞೂಂ. ಇನ್ನೂ ಒರಟೈತೆ."

ಇದು ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೆರಡು ವರ್ಷ! ಎಮ್ಮೆ ಹಾಲು ಬತ್ತಿದ ತಿಂಗಳುಗಳಲ್ಲೂ ಬಿಡಲಿಲ್ಲ. ಬರೀ ನೀರು ಹಾಕಿಸಿ ಕಡೆಸಿದರು. ಒಮ್ಮೆ ನಾನು ಹೋದಾಗ ಅಕ್ಕ ನೀರು ಕಡೆಯುತ್ತಿದ್ದಳು, ಭಾವ ತಲೆದೂಗುತ್ತಿದ್ದರು. "ಏನು ಭಾವ, ಬೆಣ್ಣೆ ಬಂತಾ?" ಎಂದೆ. "ಬೆಣ್ಣೆ ಯಾವನಿಗೆ ಬೇಕಮ್ಮ? ಸದ್ದು ಬಂದ್ರೆ ಸಾಕು!" ಎಂದರು.

ನಡುವೆ ಬಿರಡೆಯ ಪುರಾಣ ಬೇರೆ. ಕಾರ್ಬುರೇಟರಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಪುಟ್ಟ ಹಿತ್ತಾಳೆ ಬುಂಡೆಯೊಂದಿತ್ತು. ಅದು ತೂತುಬಿದ್ದು ಮುಳುಗಿಹೋಯಿತು. ಅದರ ಬದಲಿಗೆ ಸೀಸೆಯ ಬಿರಡೆ ಕೆತ್ತಿ, ಅಕ್ಕಸಾಲಿಯ ಹತ್ತಿರ ಅರಗು ಬಳಿಸಿ ಹಾಕಬಹುದೆಂದು ಭಾವನಿಗೆ ಹೊಳೆಯಿತು. ಒಳ್ಳೆಯ ಬಿರಡೆ ಎಲ್ಲಿ ಸಿಗಬೇಕು? ಬ್ರಾಂದಿ ಸೀಸೆಯಲ್ಲಿ! ಭಾವ ಚಿಕ್ಕಜಾಜೂರಿನ ಜಂಕ್ಷನ್ನಿಗೆ ಹೋಗಿ, ಸಾಹೇಬರು ಕುಡಿದು ಬಿಟ್ಟ ಸೀಸೆಗಳನ್ನು ಮೂಸಿ ನೋಡಿ, ಬಿರಡೆ ಆರಿಸಿ ಜೇಬು ತುಂಬಿಕೊಂಡು ಬಂದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಜೇಬಿನಲ್ಲಿ ಬ್ರಾಂದಿಯ ವಾಸನೆ! ಊರು ಸುಮ್ಮನಿರುತ್ತದೆಯೇ? ಮೂರನೆಯ ದಿನ ಮಠದಿಂದ ಹಿರಿಯರು ಇಬ್ಬರು ಬಂದು ಕಂಬಳಿಯ ಮೇಲೆ ಕೂತರು.

"ಏನಪ್ಪ, ನಿನ್ನ ಬಗ್ಗೆ ಒಂದು ಮಾತು ಕೇಳಿಬಂತು," ಎಂದರು ಒಬ್ಬರು.

ಭಾವ ಹಿರಿಯರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕಾರ್ಬುರೇಟರಿನ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಬಿರಡೆ ತಣ್ಣಗೆ ತೇಲುತ್ತಿತ್ತು. "ಕುಡಿಯೋದು ಇದು, ಬುದ್ದೀ. ನಾನಲ್ಲ!" ಹಿರಿಯರು ಬಗ್ಗಿ ನೋಡಿದರು, ಮೂಸಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಹೋಗುವಾಗ ಆಶೀರ್ವಾದವೆಂದು ಗಾಡಿಗೆ ಧಾರಾಳವಾಗಿ ವಿಭೂತಿ ಹಚ್ಚಿದರು. ಹಚ್ಚಿದ್ದು ಎಲ್ಲಿಗೆ? ಗಾಳಿ ಎಳೆದುಕೊಳ್ಳುವ ಬಾಯಿಗೇ!

ಅದರ ಫಲ ಐಮಂಗಲದಲ್ಲಿ ಸಿಕ್ಕಿತು. ಹಿರಿಯೂರಿನ ನೆಂಟರ ಮನೆಗೆ ಹೊರಟಿದ್ದ ಭಾವ, ಊರು ಇನ್ನೂ ದೂರವಿರುವಾಗಲೇ ನಡುರಸ್ತೆಯಲ್ಲಿ ನಿಂತುಬಿಟ್ಟರು. ಪೆಟ್ರೋಲು ಚಿಮ್ಮುವ ಸೂಜಿಮೊನೆಯಷ್ಟು ಸಣ್ಣ ತೂತಿಗೆ ವಿಭೂತಿ ಮೆತ್ತಿಕೊಂಡಿತ್ತು. ತಂತಿ ಹಾಕಿದರೆ ತೂತು ದೊಡ್ಡದಾಗಿ ಹದ ಕೆಡುತ್ತದೆ, ಹಾಗಾಗಿ ಕುದುರೆ ಬಾಲದ ಕೂದಲೇ ಆಗಬೇಕು. ಹಿಂದಿನಿಂದ ಒಂದು ಜಟಕಾ ಬಂತು. ಅದೇ ಜಟಕಾವನ್ನು ಭಾವ ಅರ್ಧ ಗಂಟೆ ಮುಂಚೆ ಧೂಳೆಬ್ಬಿಸಿ ಹಿಂದೆ ಹಾಕಿ ಬಂದಿದ್ದರು!

"ಒಂದು ಕೂದ್ಲು ಕೊಡ್ರಿ ಸಾಬ್ರೇ," ಎಂದರು ಭಾವ, ತಗ್ಗಿದ ದನಿಯಲ್ಲಿ.

ಜಟಕಾದವನು ನಕ್ಕ ನಗೆಗೆ ಕುದುರೆಯೂ ಹೆದರಿತಂತೆ. "ಕೊನೀಗೆ ನಿಮ್ಮ ಗಾಡಿಗೂ ನಮ್ಮ ಕುದ್ರೇನೇ ಬೇಕಾಯ್ತಲ್ಲ ಸಾವ್ಕಾರ್ರೇ! ಒಂದ್ಯಾಕೆ, ಹತ್ತು ಕಿತ್ಕಳ್ರಿ!" ಈ ಕಥೆಯನ್ನು ಭಾವನೇ ಬಂದು ನಮಗೆ ಹೇಳಿದರು. ಹೇಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಲ್ಲಿ ನನಗೆ ತುಂಬ ಇಷ್ಟವಾಗಿದ್ದ ಗುಣ ಅದು.

ಹನ್ನೆರಡನೆಯ ವರ್ಷ ಮಾತ್ರ ನಗು ನಿಂತಿತು. ಅಷ್ಟು ವರ್ಷ ಎಂಜಿನ್ನಿಗೆ ಕಿವಿ ಹಚ್ಚಿದ್ದಕ್ಕೋ, ವಯಸ್ಸಿಗೋ, ಭಾವನಿಗೆ ಕಿವಿ ಕೇಳದಾಯಿತು. ಮೊದಮೊದಲು ನಾವು ಎರಡು ಸಲ ಹೇಳಬೇಕಾಗುತ್ತಿತ್ತು, ಆಮೇಲೆ ಕೂಗಬೇಕಾಯಿತು. ಒಂದು ಬೆಳಿಗ್ಗೆ ಅವರು ತಿರುಪನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, ಕೊನೆಗೆ ತಿರುಪುಳಿಯನ್ನು ಕೆಳಗಿಟ್ಟರು. ಗಾಡಿಯ ಮೇಲೆ ಕೊಬ್ಬರಿ ಚೀಲ ಹೊದಿಸಿದರು. ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು, "ಸೋತೆ ಕಣಮ್ಮ. ನಿಮ್ಮಕ್ಕನ್ನ ಕೂರಿಸಿಕೊಂಡು ಹೋಗಾಣ ಅಂದಿದ್ದೆ. ಇನ್ನು ಅದು ಗುಡುಗುಡು ಅಂದ್ರೂ ನನಗೆ ತಿಳಿಯಲ್ಲ," ಎಂದರು.

ನಾನು ನೇರ ಹೋಗಿ ಅಕ್ಕನ ಮೇಲೆ ರೇಗಿದೆ. "ಸುಳ್ಳಾದ್ರೂ ಹೇಳ್ಬಾರ್ದಾ, ಬಂತು ಅಂತ? ನಿಂದು ಎಂಥ ಕಲ್ಲು ಮನಸ್ಸು!"

ಅಕ್ಕ ಬೆಣ್ಣೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಸುಳ್ಳು ಯಾಕೆ ಹೇಳ್ಲಿ? ಹದ ಬಂದು ಆರು ವರ್ಷ ಆಯ್ತು ಕಣೇ."

"ಮತ್ತೆ?"

"ಮತ್ತೇನು? ಈ ಬೀದೀಲಿ ಎಲ್ಲ ಹೆಂಗಸ್ರೂ ಮಜ್ಜಿಗೆ ಕಡೀತಾರೆ. ಯಾರ ಗಂಡ ಎದುರಿಗೆ ಕೂತು ಕೇಳ್ತಾನೆ ಹೇಳು? ಬಂತು ಅಂದ್ಬಿಟ್ರೆ ನಾಳೆಯಿಂದ ಗಾಡಿ ತಗಂಡು ಊರೂರು ತಿರುಗ್ತಾರೆ. ಹಿತ್ಲಲ್ಲಿ ನಾನೊಬ್ಳೇ ಆಗ್ತೀನಿ." ಬೆಣ್ಣೆಯ ಉಂಡೆಯನ್ನು ನೀರಿಗೆ ಬಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ತಪ್ಪು ಮಾಡ್ದೆ. ಕಿವಿ ಹೋಗುತ್ತೆ ಅಂತ ನಂಗೇನು ಗೊತ್ತಿತ್ತು?"

ಮಾರನೆಯ ಬೆಳಿಗ್ಗೆ ಅಕ್ಕನೇ ಚೀಲ ಎತ್ತಿ ಹಾಕಿದಳು. ಭಾವನ ಕೈಯಿಂದ ಗಾಡಿ ಶುರು ಮಾಡಿಸಿದಳು. ಅವರ ಬಲಗೈ ಹಿಡಿದು ಮಜ್ಜಿಗೆ ಗಡಿಗೆಯ ಹೊಟ್ಟೆಯ ಮೇಲಿಟ್ಟು ಹಗ್ಗ ಎಳೆದಳು. ಎಡಗೈಯನ್ನು ಟ್ಯಾಂಕಿನ ಮೇಲೆ ಇಡಿಸಿ, ತಾನೇ ತಿರುಪನ್ನು ಒಂಚೂರು ತಿರುಗಿಸಿ, ಮತ್ತೆ ಹಗ್ಗ ಎಳೆದಳು. ಭಾವ ಎರಡು ಕೈಯನ್ನೂ ಹಾಗೇ ಇಟ್ಟುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಅಕ್ಕನ ಮುಖ ನೋಡಿದರು. "ಎರಡೂ ಒಂದೇ ಐತಲ್ಲೇ!" ಎಂದು ಅವರು ಕೂಗಿದ್ದು ನಾಲ್ಕು ಮನೆಗೆ ಕೇಳಿಸಿತು.

ಅಕ್ಕ ಒಳಗೆ ಹೋಗಿ ಅದೇ ಹಳೆಯ ಇಳಕಲ್ ಸೀರೆ ಉಟ್ಟು ಬಂದಳು. ಈ ಸಲ ಕಜ್ಜಾಯ ಇರಲಿಲ್ಲ, ನಿನ್ನೆಯ ಬೆಣ್ಣೆ ಇತ್ತು. ಬುಟ್ಟಿಯಲ್ಲಿ ಕೂತಳು. ಗಾಡಿ ಸಿಡಿಯಲಿಲ್ಲ, ಸೀನಲಿಲ್ಲ, ಗುಡುಗುಡು ಎನ್ನುತ್ತ ದುರ್ಗದ ಕಡೆ ತಿರುಗಿತು. ಬೀದಿಯ ಕೊನೆಯಲ್ಲಿ ಭಾವ ಹಿಂದೆ ತಿರುಗಿ, "ಹೆಂಗೈತೆ?" ಎಂದು ಅರಚಿದರು. ಉತ್ತರ ಹೇಳಿದರೆ ಅವರಿಗೆಲ್ಲಿ ಕೇಳಬೇಕು? ಗಂಡನ ಹೆಸರನ್ನು ಒಂದು ದಿನವೂ ಬಾಯಲ್ಲಿ ಎತ್ತದಿದ್ದ ನಮ್ಮಕ್ಕ, ಇಡೀ ಬೀದಿ ನೋಡುತ್ತಿರುವಾಗಲೇ ಬುಟ್ಟಿಯಿಂದ ಕೈ ಚಾಚಿ ಅವರ ಬೆನ್ನ ಮೇಲೆ ಇಟ್ಟಳು. ಕಡಗೋಲಿನ ಲಯಕ್ಕೆ ಮೆಲ್ಲಗೆ ತಟ್ಟತೊಡಗಿದಳು. ಅವರು ತಿರುವಿನಲ್ಲಿ ಮರೆಯಾಗುವ ತನಕ ಆ ಕೈ ಬೆನ್ನು ಬಿಡಲಿಲ್ಲ.