ಒಂದೂಕಾಲು ಇಂಚಿನ ಪರದೆ ಮತ್ತು ಇಪ್ಪತ್ತೆಂಟು ದಾನಿಗಳು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನಮ್ಮ ಕನ್ನಡ ಸ್ನೇಹ ಬಳಗದ ಏಕೈಕ ಕಂಪ್ಯೂಟರಿನ ಪರದೆಯು ಆಗಸ್ಟ್ ಮೂರರಂದು ಹನ್ನೆರಡು ಇಂಚು ಎತ್ತರವಿತ್ತು. ಅಕ್ಟೋಬರ್ ಐದರಂದು ಅದೇ ಪರದೆಯಲ್ಲಿ ಓದಲು ಲಭ್ಯವಿದ್ದ ಜಾಗ ಒಂದೂಕಾಲು ಇಂಚು. ಉಳಿದ ಹತ್ತೂಮುಕ್ಕಾಲು ಇಂಚು ದಾನಿಗಳ ಹೆಸರಿಗೆ ವಿನಿಯೋಗವಾಗಿರುತ್ತದೆ. ಇದರಲ್ಲಿ ಯಾವುದೇ ಅವ್ಯವಹಾರ ನಡೆದಿಲ್ಲವೆಂದು ಬಳಗದ ಕಾರ್ಯದರ್ಶಿ ಕೇಶವನಾದ ನಾನು ಈ ಮೂಲಕ ದೃಢೀಕರಿಸುತ್ತೇನೆ.

ದಾನಿಯ ಹೆಸರಿಲ್ಲದ ವಸ್ತುವನ್ನು ಬಳಗ ಮುಟ್ಟುವುದಿಲ್ಲ. ನಮ್ಮ ನಿಯಮಾವಳಿಯ ಕಲಂ ನಾಲ್ಕು ಅದು. ಕುರ್ಚಿಯ ಬೆನ್ನಿಗೆ, ಲೋಟದ ತಳಕ್ಕೆ, ಫ್ಯಾನಿನ ಮೂರೂ ರೆಕ್ಕೆಗೆ ಹೆಸರಿದೆ. ಫ್ಯಾನು ತಿರುಗಿದರೆ ತಮ್ಮ ಹೆಸರು ಕಾಣುವುದಿಲ್ಲವೆಂದು ಅದರ ದಾನಿಗಳು ಬೇಸರಿಸಿಕೊಂಡ ಮೇಲೆ, ಅವರು ಸಭೆಗೆ ಬಂದಾಗಲೆಲ್ಲ ಫ್ಯಾನು ಆರಿಸುವ ಪದ್ಧತಿ ಇದೆ. ಮೇ ತಿಂಗಳಲ್ಲೂ ಆರಿಸುತ್ತೇವೆ. ಸೆಕೆಗೇನ್ರೀ, ಬರುತ್ತೆ, ಹೋಗುತ್ತೆ. ಹೆಸರು ಉಳಿಯಬೇಕಲ್ಲ.

ಈಗ ಪ್ರೇಮಾ ಅವರ ವಿಷಯ. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಜನವರಿಗೆ ಭೋಪಾಲಿಗೆ ವರ್ಗ. ಮಗಳು ನಿಶ್ಚಿತಾಗೆ ಎಂಟು ವರ್ಷ. ಶಾಲೆಯಲ್ಲಿ ಗುಜರಾತಿ, ಆಟಕ್ಕೆ ಹಿಂದಿ, ತಾಯಿ ಕನ್ನಡದಲ್ಲಿ ಬೈದರೆ ಉತ್ತರವೂ ಗುಜರಾತಿಯಲ್ಲೇ. ಈ ಮಗು ಹೊರಡುವ ಮೊದಲು ನಾಲ್ಕು ಜನರೆದುರು ನಿಂತು ಕನ್ನಡ ಮಾತಾಡಬೇಕೆಂಬುದು ಪ್ರೇಮಾ ಅವರ ಹಟ. ಅದಕ್ಕಾಗಿ ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು, ಹೊಗಳಿಕೆಯ ಹುಚ್ಚು ಹಿಡಿದ ರಾಜನೊಬ್ಬನ ನಾಟಕವನ್ನು ತಾವೇ ಬರೆದು ತಾಲೀಮು ನಡೆಸಿದ್ದರು. ನಿಶ್ಚಿತಾ ಅದರಲ್ಲಿ ದೀಪ ಹಿಡಿಯುವ ದಾಸಿ. ಕೊನೆಯ ಮಾತು ಅವಳದೇ: "ಮಹಾರಾಜ, ಹೊಗಳಿಸಿಕೊಂಡದ್ದು ಸಾಕು. ಇನ್ನು ಕೆಳಗಿಳಿ!" ಆ ಒಂದು ಮಾತು ನಾಲಿಗೆಗೆ ಕೂರಲು ಎರಡು ತಿಂಗಳು ಹಿಡಿಯಿತು.

ಬೇಕಾದದ್ದು ರಾಜ್ಯೋತ್ಸವಕ್ಕೊಂದು ಸಭಾಂಗಣ. ದೀಪಾವಳಿ ಮುಗಿದರೆ ಇಲ್ಲಿ ಮದುವೆಗಳ ಸುಗ್ಗಿ. ಸಭಾಂಗಣವಿರಲಿ, ಪೆಂಡಾಲು ಹಾಕಲು ರಸ್ತೆಯೂ ಸಿಗುವುದಿಲ್ಲ. ಬುಕಿಂಗೆಲ್ಲ ಆನ್‌ಲೈನ್, ಅಕ್ಟೋಬರಿನಲ್ಲಿ ಮೂರೇ ದಿನ, ನೋಂದಾಯಿತ ಸಂಸ್ಥೆಗಳಿಗೆ ಮಾತ್ರ. ಬಳಗದ ಪಾಸ್‌ವರ್ಡ್ ಅಧ್ಯಕ್ಷ ರಾಮಕೃಷ್ಣರಾಯರೊಬ್ಬರಿಗೇ ಗೊತ್ತು, ಅದನ್ನವರು ಬಳಗದ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ಒತ್ತುವುದಿಲ್ಲ.

ಆಗಸ್ಟಿನಲ್ಲಿ ಪ್ರೇಮಾ ಅವರು ನಿಯಮ ಓದೋಣವೆಂದು ಬಳಗದ ಕಂಪ್ಯೂಟರಿನಲ್ಲಿ ಬುಕಿಂಗಿನ ಪುಟ ತೆರೆದರೆ ಬರೀ ಜಾಹೀರಾತು: ಟೈಲ್ಸು, ತೂಕ ಇಳಿಸುವ ಚಹಾ, ಕುಣಿಯುವ ಸ್ಕೂಟರು. ಖಾಸಗಿ ಕಂಪನಿಯಲ್ಲಿರುವ ನಮ್ಮ ಹುಡುಗ ಅಮೋಘ್ ಎರಡು ನಿಮಿಷದಲ್ಲಿ ಬ್ರೌಸರಿಗೆ ಒಂದು ಆಡ್-ಆನ್ ಹಾಕಿದ. ಆಡ್-ಆನ್ ಎಂದರೆ ಬ್ರೌಸರಿಗೆ ನಮಗೆ ಬೇಕಾದಂತೆ ಸೇರಿಸಿಕೊಳ್ಳುವ ಸಣ್ಣ ಸಲಕರಣೆ. ಜಾಹೀರಾತು ಮಾಯ. ಕಥೆ ಅಲ್ಲಿಗೇ ಮುಗಿಯಬೇಕಿತ್ತು.

"ದಾನಿ ಯಾರು?" ಎಂದರು ರಾಯರು.

"ಯಾರೂ ಇಲ್ಲ ಸರ್. ಫ್ರೀ."

"ಫ್ರೀ ಅಂದ್ರೆ ಯಾರೋ ಕೊಟ್ಟಿದ್ದಾರೆ ಅಂತ ತಾನೇ? ತಂದು ಕೊಟ್ಟವನು ನೀನು. ಕೇಶವಾ, ಒಂದು ಶಾಲು ತರಿಸಪ್ಪಾ."

ಅಮೋಘ್‌ಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಂದವು. ಕಲಂ ನಾಲ್ಕರ ಪ್ರಕಾರ ಪರದೆಯ ಮೇಲೆ ಅವನ ಹೆಸರಿನದೊಂದು ಅಡ್ಡಪಟ್ಟಿಯೂ ಬರಬೇಕಾಯಿತು. ಅದಕ್ಕೆಂದು ಆ ಹುಡುಗ ಇನ್ನೊಂದು ಆಡ್-ಆನ್ ಬರೆದ. ನಾನೇ ಬರೆಸಿದೆ. ಮರುದಿನದಿಂದ ಬಳಗದಲ್ಲಿ ಹಿಂದೆಂದೂ ಕಾಣದ ದಾನಬುದ್ಧಿ ಉಕ್ಕಿತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುತ್ತಾರಲ್ಲ, ಹಾಗೆ ಕೆಲವರು ತಮ್ಮ ಹೆಸರಿನಲ್ಲೊಂದು, ತೀರಿಹೋದ ತಂದೆಯ ಹೆಸರಿನಲ್ಲೊಂದು ಕೊಟ್ಟರು. ಖಜಾಂಚಿ ಮಹೇಶ್ ಪುಟವನ್ನೆಲ್ಲ ಕಪ್ಪಗೆ ಮಾಡುವ ಆಡ್-ಆನ್ ಕೊಟ್ಟರು, ಕಣ್ಣಿಗೆ ತಂಪಂತೆ. ಗೌರಮ್ಮನವರದು ಮೂಲೆಯಲ್ಲಿ ರಾಹುಕಾಲ ತೋರಿಸುವಂಥದ್ದು. ಅಧ್ಯಕ್ಷರದು ಪುಟವನ್ನು ಗಟ್ಟಿಯಾಗಿ ಓದುವಂಥದ್ದು. ಅದರೊಳಗಿನ ಯಾರೋ ಇಂಗ್ಲಿಷ್ ಮಹನೀಯ ಗುಜರಾತಿಯನ್ನು ಓದುವುದು ಕೇಳಿದರೆ ಕಲ್ಲಿಗೂ ನಗು ಬರುತ್ತದೆ. ನೀರು ಕುಡಿಯಿರಿ ಎಂದು ನೆನಪಿಸುವ ಆಡ್-ಆನ್‌ಗಳೇ ನಾಲ್ಕು ಬಂದವು. ಒಂದನ್ನೂ ತಿರಸ್ಕರಿಸಲಿಲ್ಲ. ಸೆಪ್ಟೆಂಬರ್ ಕೊನೆಗೆ ಇಪ್ಪತ್ತೇಳು ದಾನ, ಇಪ್ಪತ್ತೇಳು ಶಾಲು, ಇಪ್ಪತ್ತೇಳು ಪಟ್ಟಿ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ಪ್ರೇಮಾ ಅವರು ಗೊಣಗಿದ್ದು ನನ್ನ ಕಿವಿಗೆ ಬಿತ್ತು. ನಡಾವಳಿಯಲ್ಲಿ ಬರೆಯಲಿಲ್ಲ.

ಅಕ್ಟೋಬರ್ ಐದು, ಬೆಳಿಗ್ಗೆ ಹತ್ತು. ಬುಕಿಂಗ್ ಶುರು. ರಾಯರು ಪಾಸ್‌ವರ್ಡ್ ಒತ್ತಿ ಕುರ್ಚಿ ಬಿಟ್ಟುಕೊಟ್ಟರು. ಒಂದೂಕಾಲು ಇಂಚಿನ ಸಂದಿಯಲ್ಲಿ ಪ್ರೇಮಾ ಅವರು ಅರ್ಜಿಯ ಒಂದೊಂದೇ ಸಾಲು ಎಳೆದು ತುಂಬತೊಡಗಿದರು. ಕಪ್ಪು ಪುಟದ ಮೇಲೆ ಕಪ್ಪು ಅಕ್ಷರ. ಇಂಗ್ಲಿಷ್ ಮಹನೀಯನ ಪಾರಾಯಣ. ನಾಲ್ಕು ಸಲ ನೀರು. ಹೇಗೋ ಕೊನೆ ಮುಟ್ಟಿ ಹಣ ಕಟ್ಟುವ ಗುಂಡಿ ಒತ್ತಿದರೆ, ಬೇರೆಯಾಗಿ ತೆರೆದುಕೊಂಡ ಕಿಟಕಿಯನ್ನು ಅಮೋಘ್‌ನ ಆಡ್-ಆನ್ ಜಾಹೀರಾತೆಂದು ತಿಳಿದು ನುಂಗಿಬಿಟ್ಟಿತು. ಮತ್ತೆ ಮೊದಲಿಂದ. ಮತ್ತೆ ನುಂಗಿತು. ಹೀಗೆ ಒಂಬತ್ತು ಸಲ.

"ಒಂದೇ ನಿಮಿಷ ಆಫ್ ಮಾಡ್ತೀನಿ ಸರ್," ಎಂದ ಅಮೋಘ್.

"ಅದು ನಿನ್ನ ದಾನ ಕಣಯ್ಯಾ!" ಎಂದರು ರಾಯರು. "ಶಾಲು ಹೊದ್ದಿದ್ದೀಯ, ಹಣ್ಣು ತಿಂದಿದ್ದೀಯ. ಕೊಟ್ಟ ದಾನ ವಾಪಸ್ ತಗೊಂಡ್ರೆ ಬಳಗದ ಮರ್ಯಾದೆ ಎಲ್ಲಿ ಉಳಿಯುತ್ತೆ?"

ನಾನು ಕಲಂ ಏಳನ್ನು ಓದಿ ಹೇಳಿದೆ: ದಾನದ ವಸ್ತುವನ್ನು ದಾನಿ ಬದುಕಿರುವವರೆಗೆ ತೆಗೆಯತಕ್ಕದ್ದಲ್ಲ, ತೀರಿಕೊಂಡ ಮೇಲೆ ಅದು ಸ್ಮಾರಕವಾಗುವುದರಿಂದ ತೆಗೆಯಲೇಕೂಡದು.

"ಮೂರು ತಿಂಗಳಿಂದ ಮಕ್ಕಳು ಕಾಯ್ತಿದ್ದಾವೆ ಸರ್," ಎಂದರು ಪ್ರೇಮಾ. ನನಗೂ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ಸಂಕಟಕ್ಕೆ ಕಲಂ ಇಲ್ಲ.

ಏಳನೇ ತಾರೀಕು, ಬುಕಿಂಗಿನ ಕೊನೆಯ ದಿನ, ಪ್ರೇಮಾ ಅವರು ರೇಷ್ಮೆ ಸೀರೆ ಉಟ್ಟು ಬಂದರು. "ನಾನೂ ಒಂದು ಆಡ್-ಆನ್ ದಾನ ಕೊಡ್ತೀನಿ ಸರ್."

ರಾಯರಿಗೆ ಕಣ್ಣು ತುಂಬಿ ಬಂತು. "ಕೊನೆಗೂ ಬುದ್ಧಿ ಬಂತಲ್ಲಮ್ಮಾ! ಏನು ಮಾಡುತ್ತೆ ಅದು?"

"ಮನೆ ಗುಡಿಸಿದ ಹಾಗೆ ಮಾಡುತ್ತೆ ಸರ್. ಒಂದು ಸಲ ಒತ್ತಬೇಕು, ಅಷ್ಟೇ."

ಶಾಲು ಹೊದಿಸಿದೆವು. ಪಟ್ಟಿ ಹಾಕಿಸಿದೆವು. ಗೌರಮ್ಮನವರು ಆರತಿ ಎತ್ತಿದರು. ಪ್ರೇಮಾ ಅವರು ತಮ್ಮ ದಾನವನ್ನು ತಾವೇ ಒತ್ತಿ ಉದ್ಘಾಟಿಸಿದರು. ಅದು ಉಳಿದೆಲ್ಲ ಆಡ್-ಆನ್‌ಗಳನ್ನು ಒಂದೇ ಏಟಿಗೆ ನಿಲ್ಲಿಸುವ ಆಡ್-ಆನ್ ಆಗಿತ್ತು. ಹೆಸರಿನ ಪಟ್ಟಿಗಳು, ಕಪ್ಪು, ರಾಹುಕಾಲ, ನೀರು, ಇಂಗ್ಲಿಷ್ ಮಹನೀಯ, ಎಲ್ಲ ಹೋಗಿ ಹನ್ನೆರಡು ಇಂಚಿನ ಬಿಳಿ ಪುಟ ನಮ್ಮ ಮುಖಕ್ಕೆ ಹೊಳೆಯಿತು. ನವೆಂಬರಿನಲ್ಲಿ ಒಂದೇ ಒಂದು ಭಾನುವಾರ ಉಳಿದಿತ್ತು: ಹದಿನಾರು, ಸಂಜೆ ಐದರಿಂದ ಎಂಟು. ನಾವು ಬಾಯಿ ಮುಚ್ಚುವಷ್ಟರಲ್ಲಿ ಪ್ರೇಮಾ ಅವರು ಹಣ ಕಟ್ಟಿ ರಶೀದಿ ಎಳೆದರು. ಮಗಳನ್ನು ಎತ್ತಿಕೊಂಡು ಅಲ್ಲೇ ಒಂದು ಸುತ್ತು ತಿರುಗಿದರು.

"ಅಯ್ಯೋ, ನನ್ನ ಹೆಸರು!" ಎಂದರು ಗೌರಮ್ಮ.

"ನಮ್ಮ ತಂದೆ ಎಲ್ರೀ?" ಎಂದರು ಮಹೇಶ್.

ಪ್ರೇಮಾ ಅವರದೂ ದಾನವೇ ಆದ್ದರಿಂದ ಅದನ್ನು ತೆಗೆಯುವಂತಿರಲಿಲ್ಲ. ತುರ್ತುಸಭೆ ಎರಡು ದಿನ ನಡೆಯಿತು. ಪರದೆಯ ಮೇಲೆ ಅಳಿದ ಹೆಸರುಗಳಿಗೆ ವೇದಿಕೆಯ ಮೇಲೆ ನ್ಯಾಯ ಒದಗಿಸುವುದೆಂದು ತೀರ್ಮಾನವಾಯಿತು. ಸಭಾಂಗಣ ಹೇಗೂ ಸಿಕ್ಕಿತ್ತಲ್ಲ. ಆಮಂತ್ರಣ ಪತ್ರಿಕೆಯ ಕಾರ್ಯಕ್ರಮದ ವಿವರ ಇಂತಿದೆ:

"ಇಪ್ಪತ್ತೆಂಟು ದಾನಿಗಳಿಗೆ ಮರುಸನ್ಮಾನ, ತಲಾ ಆರು ನಿಮಿಷದಂತೆ ನೂರ ಅರವತ್ತೆಂಟು ನಿಮಿಷ. ಅಧ್ಯಕ್ಷರ ನುಡಿ, ಹನ್ನೆರಡು ನಿಮಿಷ. ಸಮಯಾವಕಾಶವಿದ್ದಲ್ಲಿ ಮಕ್ಕಳ ನಾಟಕ."

ಒಟ್ಟು ನೂರ ಎಂಬತ್ತು ನಿಮಿಷ. ಸಭಾಂಗಣ ಮೂರು ಗಂಟೆಗೆ. ಲೆಕ್ಕ ನನ್ನದೇ, ತಪ್ಪಿಲ್ಲ.

ನವೆಂಬರ್ ಹದಿನಾರರಂದು ಹನ್ನೊಂದು ಮಕ್ಕಳೂ ಬಣ್ಣ ಹಚ್ಚಿಕೊಂಡು ಬಂದರು. ಸುಮ್ಮನೆ ನಿಲ್ಲಿಸುವುದೇಕೆಂದು ಅವರ ಕೈಗೆ ಶಾಲಿನ ತಟ್ಟೆ, ಹಣ್ಣಿನ ಬುಟ್ಟಿ ಕೊಟ್ಟೆವು. ರಾಜನ ವೇಷದವನು ಸೇಬು ಹೊತ್ತ. ಏಳೂವರೆಗೆ ಪ್ರೇಮಾ ಅವರು ವೇದಿಕೆಯ ಪಕ್ಕ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಆಗಲೂ ಹತ್ತು ನಿಮಿಷ ತಡವಾಗಿ ಓಡುತ್ತಿದ್ದೆವು.

ಎಂಟಕ್ಕೆ ಎರಡು ನಿಮಿಷವಿರುವಾಗ ಕೊನೆಯ ಸನ್ಮಾನ, ಅಧ್ಯಕ್ಷರದು. ತಟ್ಟೆ ಹಿಡಿದು ಬಂದವಳು ನಿಶ್ಚಿತಾ. ಕಾವಲುಗಾರ ಆಗಲೇ ಹಿಂದಿನ ಸಾಲಿನ ದೀಪ ಆರಿಸುತ್ತಿದ್ದ. ಮಗು ಒಮ್ಮೆ ತಾಯಿಯ ಕಡೆ ನೋಡಿತು. ತಾಯಿ ಹೂಂ ಎಂಬಂತೆ ತಲೆಯಾಡಿಸಿದರು. ಮಗು ಮೈಕಿನ ಮುಂದೆ ನಿಂತು, ರಾಯರ ಮುಖವನ್ನೇ ನೋಡುತ್ತ, ಕೊನೆಯ ಸಾಲಿಗೂ ಕೇಳುವಂತೆ ಹೇಳಿತು:

"ಮಹಾರಾಜ, ಹೊಗಳಿಸಿಕೊಂಡದ್ದು ಸಾಕು. ಇನ್ನು ಕೆಳಗಿಳಿ!"

ಆಮೇಲೆ ಚಪ್ಪಾಳೆ ಎಂದರೆ ಅಂಥಿಂಥ ಚಪ್ಪಾಳೆಯಲ್ಲ.

"ಗುಜರಾತಿನಲ್ಲಿ ಬೆಳೆದ ಮಗು! ಎಂಥಾ ಉಚ್ಚಾರ!" ಎಂದು ರಾಯರು ಗದ್ಗದಿತರಾದರು. "ನನ್ನನ್ನು ಮಹಾರಾಜ ಅಂದಳಲ್ಲ!" ಶಾಲನ್ನು ಸರಿಮಾಡಿಕೊಂಡು, ವೇದಿಕೆಯ ಮೇಲೆಯೇ ಇನ್ನೂ ಐದು ನಿಮಿಷ ಮಾತಾಡಿದರು.

ಕಳೆದ ವಾರದ ಸಭೆಯಲ್ಲಿ ಈ ಕೆಳಗಿನ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಗಿದೆ: ಇನ್ನು ಮುಂದೆ ಬಳಗದ ಪ್ರತಿ ಸನ್ಮಾನದ ಆರಂಭದಲ್ಲೂ ಒಂದು ಮಗುವಿನಿಂದ ಸದರಿ ಅಭಿನಂದನಾ ನುಡಿಯನ್ನು ಮೈಕಿನಲ್ಲಿ ಹೇಳಿಸತಕ್ಕದ್ದು. ಸೂಚಿಸಿದವರು ಅಧ್ಯಕ್ಷರು. ಅನುಮೋದಿಸಿದವರು ಶ್ರೀಮತಿ ಪ್ರೇಮಾ. ಅಧ್ಯಕ್ಷರನ್ನು ಬಿಟ್ಟು ಉಳಿದ ದಾನಿಗಳು ತಮಗೆ ಆ ನುಡಿ ಸಿಗಲಿಲ್ಲವೆಂದು ತಕರಾರು ಸಲ್ಲಿಸಿರುವುದರಿಂದ, ಅವರನ್ನು ಇನ್ನೊಮ್ಮೆ ಸನ್ಮಾನಿಸಲಾಗುವುದು.