ಕೆರಿಯಪ್ಪನ ಬಾಯಲ್ಲಿದ್ದ ವರದಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಗೆ ಹೊಸನಗರದ ಟೈಪಿಸ್ಟ್ ಕೆರಿಯಪ್ಪ ಆ ಸೋಮವಾರ ಬೆಳಿಗ್ಗೆ ತನ್ನದೂ ಒಂದು ತುಂಡು ಸೇರಿಸಿದ: ಬಾಯಲ್ಲಿ ಕವಳ ಇದ್ದವನಿಗೆ ಎರಡೂ ಇಲ್ಲ. ಹಾಗೆಂದುಕೊಂಡು ಎರಡು ವೀಳ್ಯದೆಲೆ, ಒಂದಿಡೀ ಅಡಿಕೆ, ಹೆಬ್ಬೆರಳಿನಷ್ಟು ಹೊಗೆಸೊಪ್ಪು ಒಟ್ಟಿಗೆ ಬಾಯಿಗಿಟ್ಟು, ಎಡದವಡೆಗೆ ಒತ್ತಿ, ಎಲೆಯಡಿಕೆ ಸಂಚಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ಮೆಟ್ಟಿಲಿಳಿದ. ಸಂಜೆ ನಾಲ್ಕು ಗಂಟೆಯವರೆಗೆ ಬಾಯಿ ಖಾಲಿ ಬಿಡಬಾರದೆಂದು ಅವನು ತೀರ್ಮಾನಿಸಿದ್ದ. ಉಪಾಯದ ಮೇಲೆ ಅವನಿಗೆ ಪೂರ್ತಿ ಭರವಸೆಯಿತ್ತು. ಕೆಟ್ಟ ಉಪಾಯದ ಲಕ್ಷಣವೇ ಅದು.

ಇದು ಸಾವಿರದ ಒಂಬೈನೂರ ಅರವತ್ನಾಲ್ಕರ ಮಾತು. ಕಾರ್ಗಲ್ಲಿನ ಕಡೆ ಅಣೆಕಟ್ಟು ಏಳುತ್ತಿತ್ತು, ನಮ್ಮ ಕಡೆ ಕಚೇರಿಗಳು ಏಳುತ್ತಿದ್ದವು. ಕೆರಿಯಪ್ಪ ಇದ್ದದ್ದು ಅಂಥ ಒಂದು ಸಣ್ಣ ಕಚೇರಿಯಲ್ಲಿ. ಯಾವುದೆಂದು ಹೇಳುವುದಿಲ್ಲ, ಅದು ಈಗ ಇಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ. ಅದರ ಹಿತ್ತಲಿನಲ್ಲಿ ಒಂದು ಗಂಧದ ಮರವಿತ್ತು. ಗಂಧದ ಮರ ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದೇ ಎಂಬುದು ಮಲೆನಾಡಿನಲ್ಲಿ ಹಸುಗೂಸಿಗೂ ಗೊತ್ತು. ಇದಂತೂ ಸರ್ಕಾರದ ಹಿತ್ತಲಿನಲ್ಲೇ ಇದ್ದ ಸರ್ಕಾರದ ಮರ. ಅದನ್ನು ಒಂದು ಬುಧವಾರ ಮಧ್ಯಾಹ್ನ ಎರಡು ಗಂಟೆಗೆ, ಏಳು ಜನ ನೌಕರರು ಒಳಗೆ ಕೂತಿರುವಾಗಲೇ, ಯಾರೋ ಗರಗಸ ಹಾಕಿ ಕೊಯ್ದುಕೊಂಡು ಹೋಗಿಬಿಟ್ಟರು. ಉಳಿದದ್ದು ಬೊಡ್ಡೆ ಮತ್ತು ಒಂದು ಬೊಗಸೆ ಪುಡಿ. ವಾರದವರೆಗೂ ಕಚೇರಿ ದೇವರಮನೆಯ ಹಾಗೆ ಘಮಘಮಿಸುತ್ತಿತ್ತು, ಕೆಲಸವಿಲ್ಲದವರೂ ಬಂದು ಮೂಗರಳಿಸಿ ಹೋಗುತ್ತಿದ್ದರು.

ಶಿವಮೊಗ್ಗದಿಂದ ಜೀಪಿನಲ್ಲಿ ತನಿಖಾಧಿಕಾರಿಯೊಬ್ಬರು ಬಂದು ಮೂರು ದಿನ ಕೂತು ನಲವತ್ತೊಂದು ಜನರ ಹೇಳಿಕೆ ಬರೆದುಕೊಂಡರು. ಆಮೇಲೆ ಅರವತ್ತೆರಡು ಪುಟದ ಇಂಗ್ಲಿಷ್ ವರದಿ ತಯಾರಾಯಿತು. ಅದನ್ನು ಟೈಪ್ ಮಾಡಿದವನು ಕೆರಿಯಪ್ಪ. ಸೋಮವಾರ ನಾಲ್ಕು ಗಂಟೆಗೆ ವರದಿಯನ್ನು ಕಚೇರಿಯ ಜಗಲಿಯ ಮೇಲೆ ಬಹಿರಂಗವಾಗಿ ಓದುವುದೆಂದು ನಿಗದಿಯಾಯಿತು. ಅಷ್ಟರವರೆಗೆ ಒಂದು ಅಕ್ಷರ ಹೊರಗೆ ಬಿದ್ದರೂ ನಿನ್ನ ಕೆಲಸ ಕಾಯಂ ಆಗುವುದನ್ನು ಮರೆತುಬಿಡು, ಬೀಳದಿದ್ದರೆ ಅದೇ ಸಂಜೆ ನಾನೇ ಶಿಫಾರಸು ಬರೆಯುತ್ತೇನೆ ಎಂದು ಕಚೇರಿಯ ಸಾಹೇಬರು ಹೇಳಿದ್ದರು. ಕೆರಿಯಪ್ಪ ಆರು ವರ್ಷದಿಂದ ಹಂಗಾಮಿ ಟೈಪಿಸ್ಟ್. ಅವನ ಹೆಂಡತಿ ದುಗ್ಗಮ್ಮ, ಗಂಡನ ಕೆಲಸ ಕಾಯಂ ಆದರೆ ಊರಮ್ಮನಿಗೆ ಸೀರೆ ಉಡಿಸುತ್ತೇನೆಂದು ಹರಸಿಕೊಂಡು ಆರು ವರ್ಷವಾಗಿತ್ತು. ಅಮ್ಮನೂ ಕಾಯುತ್ತಿದ್ದಳು.

ಇನ್ನು ಜನರ ಊಹೆಗೆ ಎಲ್ಲೆಯೇ ಇರಲಿಲ್ಲ. ಸಾಗರದವರು ಇದು ಮರ ಕೊಯ್ಯುವ ಸಾಮಿಲ್ಲಿನ ಮಂಜುನಾಥಪ್ಪನದೇ ಕೆಲಸ ಎಂದರೆ, ತೀರ್ಥಹಳ್ಳಿಯವರು ಇಲ್ಲ, ಕಚೇರಿಯವರೇ ಸೇರಿ ಮಾಡಿದ್ದು ಎನ್ನುತ್ತಿದ್ದರು. ಬಸ್ಸಿನ ಕಂಡಕ್ಟರು ಟಿಕೆಟಿನ ಜೊತೆ ತನ್ನ ಅಭಿಪ್ರಾಯವನ್ನೂ ಹರಿದು ಕೊಡುತ್ತಿದ್ದ. ಆದರೆ ಎಲ್ಲರೂ ಒಪ್ಪುವ ಸಂಗತಿ ಒಂದಿತ್ತು: ಕೆರಿಯಪ್ಪನಿಗೆ ಎಲ್ಲ ಗೊತ್ತು.

ನಿಜ ಹೇಳಬೇಕೆಂದರೆ ಕೆರಿಯಪ್ಪನಿಗೆ ಏನೂ ಗೊತ್ತಿರಲಿಲ್ಲ. ಸಾಗರದಲ್ಲಿ ಅವನಿಗೆ ಟೈಪಿಂಗ್ ಕಲಿಸಿದ ಮೇಷ್ಟ್ರು, ಓದುವುದು ಸಾಹೇಬರ ಕೆಲಸ, ಒತ್ತುವುದು ನಿನ್ನ ಕೆಲಸ, ಓದಿದವನು ತಪ್ಪು ಮಾಡುತ್ತಾನೆ ಎಂದು ಗೆಣ್ಣಿಗೆ ಅಡಿಪಟ್ಟಿಯಲ್ಲಿ ಹೊಡೆದು ಕಲಿಸಿದ್ದರು. ಅಂದಿನಿಂದ ಅವನ ಬೆರಳಿಗೆ ಇಂಗ್ಲಿಷ್ ಬರುತ್ತಿತ್ತು, ತಲೆಗೆ ಬರುತ್ತಿರಲಿಲ್ಲ. ಹಿತ್ತಲ ಕಿಟಕಿಯ ಪಕ್ಕದಲ್ಲಿ ತನ್ನ ಮುದಿ ಮಿಷನ್ನಿನ ಮುಂದೆ ಕೂತನೆಂದರೆ ಕಣ್ಣು ಕಾಗದ ಬಿಟ್ಟು ಅಲುಗುತ್ತಿರಲಿಲ್ಲ. ಮಿಷನ್ನಿನ ಗದ್ದಲಕ್ಕೆ ಪಕ್ಕದ ಕೋಣೆಯವರು ಕೂಗಿ ಮಾತಾಡಬೇಕಿತ್ತು. ಮರ ಹೋದ ದಿನವೂ ಅವನು ಅಲ್ಲೇ ಕೂತು ಒತ್ತುತ್ತಿದ್ದ. ಈಗ, ನನಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಊರಿಗೆ ಹೇಳಿಕೊಂಡರೆ ಕಾಯಂ ಮಾಡುವ ಸಾಹೇಬರು ಯಾರು? ಗೊತ್ತು ಎನ್ನುವ ಹಾಗಿಲ್ಲ, ಗೊತ್ತಿಲ್ಲ ಎನ್ನುವ ಹಾಗೂ ಇಲ್ಲ. ಹೆಂಡತಿಗೆ ಮಾತ್ರ ನಿಜ ಹೇಳಿದ್ದ. ಅವಳು ನಂಬದೆ, ಕಟ್ಟಿಕೊಂಡವಳಿಗೂ ಹೇಳದ ಗುಟ್ಟು ಎಂಥದು ಎಂದು ಮೂರು ದಿನ ಮುಖ ತಿರುಗಿಸಿದ್ದಳು. ಆದ್ದರಿಂದಲೇ ಈ ಕವಳ.

ಹಾದಿಯಲ್ಲಿ ಮೊದಲು ಸಿಕ್ಕಿದ್ದು ಗಣೇಶಮೂರ್ತಿಯ ಹೋಟೆಲು. ಗಣೇಶಮೂರ್ತಿ ಗಲ್ಲಾ ಬಿಟ್ಟು ಬೀದಿಗೇ ಇಳಿದು ಕೆರಿಯಪ್ಪನ ಕೈ ಹಿಡಿದು ಒಳಗೆ ಕೂರಿಸಿದ, ಕೇಳದೆಯೇ ಕಾಫಿ ತಂದಿಟ್ಟ. ಮೂಲೆಯ ಮೇಜಿನಲ್ಲಿದ್ದ ಅಡಿಕೆ ತೋಟದ ನಾರಾಯಣಮೂರ್ತಿ ದೋಸೆ ಬಿಟ್ಟು ಹತ್ತಿರ ಸರಿದರು. ಕವಳ ತುಂಬಿದ ಬಾಯಲ್ಲಿ ಕಾಫಿ ಕುಡಿಯುವುದು ಹೇಗೆ? ಕೆರಿಯಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದ. ಪುಕ್ಕಟೆ ಕಾಫಿ ಬೇಡ ಎನ್ನಬೇಕಾದರೆ ಒಳಗೆ ಎಂಥ ಭಾರ ಇರಬೇಕೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

"ಬಾಯಿ ಬಿಡದು ಬೇಡ ಕೆರಿಯಪ್ಪ," ಎಂದ ಗಣೇಶಮೂರ್ತಿ ದನಿ ತಗ್ಗಿಸಿ. "ನಾ ಹೆಸ್ರು ಹೇಳ್ತೀನಿ, ನೀ ಸುಮ್ನೆ ಹ್ಞೂಂ ಅನ್ನು. ಮಂಜುನಾಥಪ್ಪನಾ?"

ನನ್ನನ್ನು ಇದಕ್ಕೆಲ್ಲ ಎಳೆಯಬೇಡಿ ಎಂದು ಹೇಳಲು ಕೆರಿಯಪ್ಪ ಬಾಯಿ ತೆರೆಯಹೋದ. ಕವಳದ ರಸ ತುಟಿಯಂಚಿಗೆ ಬಂತು. ಅಂಗಿಗೆ ಬೀಳಬಾರದೆಂದು ಗಲ್ಲ ಮೇಲೆತ್ತಿದ. ಕವಳದವರೆಲ್ಲ ಮಾಡುವುದು ಅದನ್ನೇ. ಆದರೆ ಅವನ ಗಲ್ಲ ಎದ್ದದ್ದು ಬಾಗಿಲ ಕಡೆಗೆ, ಬಾಗಿಲಾಚೆ ರಸ್ತೆಯ ಆ ಬದಿಗೆ ಕಾಣುತ್ತಿದ್ದದ್ದು ಮಂಜುನಾಥಪ್ಪನ ಸಾಮಿಲ್ಲು.

"ತೋರ್ಸಿಬಿಟ್ಟ," ಎಂದರು ನಾರಾಯಣಮೂರ್ತಿ ಮೆಲ್ಲಗೆ. ಆಮೇಲೆ ಗಣೇಶಮೂರ್ತಿಯ ಕಿವಿಯಲ್ಲಿ ತಮ್ಮ ಹವ್ಯಕ ಮನೆಮಾತಿಗೆ ಇಳಿದರು. "ಅಂವ ಬಾಯಲ್ಲಿ ಹೇಳ್ತ್ನಿಲ್ಲೆ. ಆದ್ರೆ ಅವಂಗೆ ಎಲ್ಲ ಗೊತ್ತಿದ್ದು."

ಒಂಬತ್ತರ ಬಸ್ಸಿನಲ್ಲಿ ಆ ಗಲ್ಲದ ಸುದ್ದಿ ತೀರ್ಥಹಳ್ಳಿಗೆ ಹೋಯಿತು, ಒಂಬತ್ತೂವರೆಯ ಬಸ್ಸಿನಲ್ಲಿ ಸಾಗರಕ್ಕೆ ಹೋಯಿತು. ಕೆರಿಯಪ್ಪ ಮಾತ್ರ ಒಂದು ಮಾತೂ ಆಡದೆ ಗೆದ್ದೆನೆಂದು ಬೀಗುತ್ತ ಕಚೇರಿಯ ಕಡೆ ಹೊರಟ.

ನೂರು ಮಾರು ಹೋಗುವುದರೊಳಗೆ ಮಂಜುನಾಥಪ್ಪ ಅಡ್ಡ ಬಂದ. ಮೊನ್ನೆಯವರೆಗೆ 'ಏ ಟೈಪು' ಎಂದು ಕರೆಯುತ್ತಿದ್ದವನ ಬಾಯಲ್ಲಿ ಇಂದು ಅಣ್ಣ ಹುಟ್ಟಿಕೊಂಡಿದ್ದ. "ಕೆರಿಯಪ್ಪಣ್ಣ, ಮಗಳ ಮದ್ವೆ ಗೊತ್ತಾಗೈತಿ. ಬೀಗರು ಆನಂದಪುರದವ್ರು, ಮರ್ವಾದಸ್ತರು. ನನ್ನ ಹೆಸ್ರು ಅದ್ರಾಗೆ ಐತೋ ಇಲ್ವೋ, ಅಷ್ಟು ಹೇಳು."

ಕೆರಿಯಪ್ಪನಿಗೆ ಅಯ್ಯೋ ಅನ್ನಿಸಿತು. ಗೊತ್ತಿಲ್ಲ ಎಂದು ತಲೆಯಾಡಿಸಿದ. ಇಲ್ಲ ಎಂದು ಅರ್ಥ ಮಾಡಿಕೊಂಡ ಮಂಜುನಾಥಪ್ಪ ಅವನ ಎರಡೂ ಕೈ ಕಣ್ಣಿಗೊತ್ತಿಕೊಂಡು, ಹಾಗಾದರೆ ಯಾರೆಂದು ಕೇಳಿದ. ಕವಳ ತುಂಬಿಬಂದಿತ್ತು, ಇನ್ನು ತಡೆಯುವ ಹಾಗಿರಲಿಲ್ಲ. ಕೆರಿಯಪ್ಪ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಬೇಲಿಯಾಚೆ ಉಗಿದ, ಕೂಡಲೇ ಹೊಸ ಕವಳ ತುಂಬಿಕೊಂಡ. ಬೇಲಿಯಾಚೆ ಇದ್ದದ್ದು ಗಣೇಶಮೂರ್ತಿಯ ಹೋಟೆಲಿನ ಸೌದೆ ರಾಶಿ. ಮಂಜುನಾಥಪ್ಪ ಉಗುಳನ್ನು ನೋಡಿದ, ಸೌದೆಯನ್ನು ನೋಡಿದ. ಅವನ ಮುಖ ಅರಳಿತು.

ಹನ್ನೊಂದು ಗಂಟೆಯ ಹೊತ್ತಿಗೆ ಗಣೇಶಮೂರ್ತಿಯ ಒಲೆಯಲ್ಲಿ ಉರಿಯುವುದು ಸರ್ಕಾರದ ಗಂಧವೆಂದು ಪೇಟೆಯಲ್ಲೆಲ್ಲ ಆಯಿತು. ನಾರಾಯಣಮೂರ್ತಿಯೇ, ಹೌದು, ಒಂದು ತಿಂಗಳಿಂದ ಕಾಫಿಯಲ್ಲಿ ಏನೋ ಪರಿಮಳ ಎಂದರು. ನಿನ್ನೆಯವರೆಗೆ ಅದೇ ಕಾಫಿಗೆ ಹುಣಿಸೆಬೀಜ ಬೆರೆಸಿದ್ದಾನೆಂದು ಬೈಯುತ್ತಿದ್ದವರು ಅವರು. ಗಿರಾಕಿಗಳು ಲೋಟ ಮೂಸಿ ನೋಡಿ ಎದ್ದು ಹೋದರು. ಗಣೇಶಮೂರ್ತಿ ಅರ್ಧ ಬಾಗಿಲು ಹಾಕಿ, ಸೌದೆಯನ್ನು ಒಂದೊಂದಾಗಿ ಬೀದಿಗೆಸೆದು, ಮಾವು, ಹೊನ್ನೆ, ನಂದಿ ಎಂದು ಹೆಸರು ಕೂಗುತ್ತ ನಿಂತ.

ಇತ್ತ ಕಚೇರಿಯಲ್ಲಿ ಕೆರಿಯಪ್ಪನ ಕವಳ ಸುಣ್ಣ ಸಾಲದೆ ಚಪ್ಪೆಯಾಗಿತ್ತು. ಡಬ್ಬಿಯ ಸುಣ್ಣ ಒಣಗಿ ಹೆಂಟೆಯಾಗಿತ್ತು. ಅಷ್ಟರಲ್ಲಿ ದಫೇದಾರ ಗೋಪಾಲಪ್ಪ ಬಂದು ಎದುರಿನ ಸ್ಟೂಲಿನಲ್ಲಿ ಕೂತ. ಮರ ಹೋದ ದಿನ ಹಿತ್ತಲ ಕಾವಲು ಅವನದೇ. ಪಿಂಚಣಿಗೆ ಎಂಟು ತಿಂಗಳಿತ್ತು.

"ಕೆರಿಯಾ, ನಂಗೆಷ್ಟು ವರ್ಷ ಬರ್ದಾರೆ?" ಎಂದು ಕೇಳಿದ ಗೋಪಾಲಪ್ಪ.

ಕೆರಿಯಪ್ಪ ಸುಣ್ಣಕ್ಕಾಗಿ ತೋರುಬೆರಳು ಮುಂದೆ ಚಾಚಿದ. ನಮ್ಮ ಕಡೆ ಸುಣ್ಣ ಕೇಳುವವನು ಬಾಯಿ ಬಿಡುವುದಿಲ್ಲ, ಬೆರಳು ಚಾಚುತ್ತಾನೆ, ಎದುರಿನವನು ತುದಿಗೆ ಸವರುತ್ತಾನೆ. ನಲವತ್ತು ವರ್ಷ ಕವಳ ಹಾಕಿದ ಗೋಪಾಲಪ್ಪನಿಗೆ ಬೇರೆ ಯಾವ ದಿನವಾದರೂ ಅದು ತಿಳಿಯುತ್ತಿತ್ತು. ಇಂದು ಅವನಿಗೆ ಆ ಬೆರಳಿನಲ್ಲಿ ಕಂಡದ್ದು ಒಂದು ವರ್ಷದ ಸಜೆ. ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಮೂಗೊರೆಸಿಕೊಂಡ.

"ಬೇಕಾದ್ದಾಗ್ಲಿ. ಆದ್ರೆ ನಿಂಗೆ ನಾ ಮಾಡಿದ್ದು ತಪ್ಪು ಕಣೋ. ಹೊಟ್ಟೆಪಾಡು, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಮನ್ಸಿಗೆ ಹಚ್ಕಬೇಡ."

ಕಳೆದ ಮಳೆಗಾಲದಲ್ಲಿ ತನ್ನ ಛತ್ರಿ ಒಯ್ದು ಮುರಿದು ಗಾಳಿಯ ಮೇಲೆ ತಪ್ಪು ಹೊರಿಸಿದ್ದಕ್ಕೆ ಇವನು ಈಗ ಕ್ಷಮೆ ಕೇಳುತ್ತಿದ್ದಾನೆಂದು ಕೆರಿಯಪ್ಪ ತಿಳಿದ. ಪರವಾಗಿಲ್ಲ ಎಂದು ಬೆನ್ನು ತಟ್ಟಿದ. ಅದಕ್ಕೆ ಗೋಪಾಲಪ್ಪ ಇನ್ನೂ ಜೋರಾಗಿ ಅತ್ತ.

ನಾಲ್ಕು ಗಂಟೆಗೆ ಕಚೇರಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಗರದಿಂದ ಒಂದು ಬಸ್ಸು, ತೀರ್ಥಹಳ್ಳಿಯಿಂದ ಒಂದು ಬಸ್ಸು ಜನ ಬಂದಿದ್ದರು. ಕೆರಿಯಪ್ಪನ ಬಲಕ್ಕೆ ಗಣೇಶಮೂರ್ತಿ, ಎಡಕ್ಕೆ ಮಂಜುನಾಥಪ್ಪ, ಇಬ್ಬರೂ ಅವನ ಒಂದೊಂದು ತೋಳು ಹಿಡಿದು ನಿಂತಿದ್ದರು. ಎಡಗಡೆಯವನಿಗೆ ಅವನು ದೇವರು, ಬಲಗಡೆಯವನಿಗೆ ಸಂಜೆಯ ಮೇಲೆ ವಿಚಾರಿಸಿಕೊಳ್ಳಬೇಕಾದವನು. ಬೇಲಿಯ ಪಕ್ಕ ದುಗ್ಗಮ್ಮ ನಿಂತಿದ್ದಳು. ಕೆರಿಯಪ್ಪನ ಎದೆ ಹಗುರಾಗಿತ್ತು. ಒಂದು ಅಕ್ಷರ ಹೊರಗೆ ಬಿದ್ದಿರಲಿಲ್ಲ, ಇನ್ನು ಶಿಫಾರಸು ಒಂದೇ ಬಾಕಿ.

ಸಾಹೇಬರು ಲಕೋಟೆ ಒಡೆದು, ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದರು. ಸಾಮಿಲ್ಲಿನಲ್ಲಿ ಗಂಧ ಸಿಕ್ಕಿಲ್ಲ, ಮಂಜುನಾಥಪ್ಪ ನಿರ್ದೋಷಿ. ಹೋಟೆಲಿನ ಹೆಸರು ಎಲ್ಲೂ ಇರಲಿಲ್ಲ. ಮರ ಕೊಯ್ದವರು ಯಾರೆಂದು ತಿಳಿದುಬಂದಿಲ್ಲ, ಮುಂದೆ ತಿಳಿಯುವ ಸಂಭವವೂ ಇಲ್ಲ. ಬಲಗಡೆಯ ಮತ್ತು ಎಡಗಡೆಯ ಕೈಗಳು ಸಡಿಲವಾದವು. ಸಾಹೇಬರು ಕೊನೆಯ ಪುಟ ತಿರುವಿದರು.

"ದಫೇದಾರ ಗೋಪಾಲಪ್ಪ ಆ ಹೊತ್ತು ಎಚ್ಚರವಾಗಿಯೇ ಇದ್ದರು. ಕರಕರ ಸದ್ದು ಅವರ ಕಿವಿಗೆ ಬಿದ್ದಿದೆ. ಅದು ಟೈಪ್‌ರೈಟರಿನ ಸದ್ದೆಂದು ಅವರು ತಿಳಿದರು. ಇದರಲ್ಲಿ ಅವರ ತಪ್ಪಿಲ್ಲ. ಹಿತ್ತಲ ಕಿಟಕಿಯಲ್ಲಿ ಅಂಥ ಗದ್ದಲ ಇರುವತನಕ ಈ ಕಚೇರಿಯ ಯಾವ ಸ್ವತ್ತಿಗೂ ಭದ್ರತೆಯಿಲ್ಲ. ಆದ್ದರಿಂದ ಮಿಷನ್ನನ್ನು ವಾಪಸು ಕಳಿಸಿ, ಹಂಗಾಮಿ ಟೈಪಿಸ್ಟ್ ಹುದ್ದೆಯನ್ನು ಈ ತಿಂಗಳ ಕೊನೆಗೆ ರದ್ದು ಮಾಡತಕ್ಕದ್ದು."

ಎಲ್ಲರೂ ಕೆರಿಯಪ್ಪನ ಕಡೆ ತಿರುಗಿದರು. ಗೋಪಾಲಪ್ಪ ಮಾತ್ರ ತನ್ನ ಪೇಟದ ಮಡಿಕೆ ಸರಿಮಾಡುತ್ತಿದ್ದ.

"ತನ್ನ ಕುತ್ತಿಗೆಗೆ ಬಂದಿದ್ದನ್ನ ತಾನೇ ಟೈಪ್ ಮಾಡಿ ಹೊಟ್ಟೇಲಿಟ್ಕಂಡಿದ್ದ," ಎಂದ ಗಣೇಶಮೂರ್ತಿ. "ಬೆಳಿಗ್ಗೆ ನನ್ನ ಕಾಫಿ ಯಾಕೆ ಇಳೀಲಿಲ್ಲ ಅಂತ ಈಗ ಗೊತ್ತಾಯ್ತು."

ಕೆರಿಯಪ್ಪ ಕವಳ ಉಗಿದು ಬೆಳಗಿನಿಂದ ಮೊದಲ ಸಲ ಬಾಯಿ ಖಾಲಿ ಮಾಡಿಕೊಂಡು, ನನಗೆ ಗೊತ್ತೇ ಇರಲಿಲ್ಲ ಎಂದು ಕನ್ನಡದಲ್ಲಿ, ಸ್ಪಷ್ಟವಾಗಿ, ಎರಡು ಸಲ ಹೇಳಿದ. ಎಂಥ ವಿನಯ ಎಂದು ಜನ ತಲೆದೂಗಿದರು. ಮಂಜುನಾಥಪ್ಪ ಓಡಿಹೋಗಿ ಒಂದು ಚೆಂಡುಹೂವಿನ ಮಾಲೆ ತಂದು ಕೊರಳಿಗೆ ಹಾಕಿದ. ದುಗ್ಗಮ್ಮ ಜನರನ್ನು ಸರಿಸಿ ಎದುರಿಗೆ ಬಂದಳು. ಅವಳ ಕಣ್ಣು ತುಂಬಿತ್ತು.

"ಅದ್ಕೇನಾ ನಂಗೂ ಹೇಳ್ದೆ ಇದ್ದಿದ್ದು?"

ಆರು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಕೆರಿಯಪ್ಪ ಖಾಲಿ ಬಾಯಲ್ಲಿ "ಹ್ಞೂಂ" ಎಂದ.

ಜನ ಕರಗಿದ ಮೇಲೆ ಸಾಹೇಬರು ಅವನನ್ನು ಒಳಗೆ ಕರೆದರು. ಅರವತ್ತೆರಡು ಪುಟದಲ್ಲಿ ಒಂದೇ ಒಂದು ತಪ್ಪಿಲ್ಲ, ಇಂಥ ಟೈಪಿಂಗನ್ನು ಶಿವಮೊಗ್ಗದಲ್ಲೂ ನೋಡಿಲ್ಲ, ಶಿಫಾರಸು ಬರೆಯೋಣವೆಂದರೆ ಹುದ್ದೆಯೇ ಇಲ್ಲ ಎಂದು ನೊಂದುಕೊಂಡರು. ಆಮೇಲೆ ಹುದ್ದೆ ರದ್ದು ಮಾಡುವ ಆದೇಶದ ಕರಡು ಕೈಗಿಟ್ಟು, ಬೇರೆ ಯಾರಿಗೂ ಬರುವುದಿಲ್ಲವಲ್ಲ, ಮೂರು ಪ್ರತಿ ತೆಗೆದುಬಿಡು ಎಂದರು.

ಕೆರಿಯಪ್ಪ ಮಾಲೆ ತೆಗೆಯದೆಯೇ ಮಿಷನ್ನಿನ ಮುಂದೆ ಕೂತ. ಕಾರ್ಬನ್ನು ಸೇರಿಸಿ ಕಾಗದ ಸುತ್ತಿದ. ಇದನ್ನಾದರೂ ಓದಿಕೊಂಡೇ ಒತ್ತಬೇಕೆಂದು ಬಾಳಿನಲ್ಲಿ ಮೊದಲ ಸಲ ನಿಶ್ಚಯಿಸಿ, ಒಂದೊಂದೇ ಪದವನ್ನು ಬಾಯಲ್ಲಿ ಹೇಳಿಕೊಂಡು, ಅರ್ಥವಾದಷ್ಟು ಅರ್ಥ ಮಾಡಿಕೊಂಡು ಒತ್ತುತ್ತ ಹೋದ. ಅರ್ಧ ಪುಟಕ್ಕೆ ಒಂದು ಗಂಟೆ ಹಿಡಿಯಿತು. ಸಾಹೇಬರು ಪ್ರತಿ ತೆಗೆದುಕೊಂಡು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದರು. ಹದಿನಾಲ್ಕು ತಪ್ಪಿದ್ದವು, ಅದರಲ್ಲಿ ಮೂರು ಅವನ ಹೆಸರಿನಲ್ಲೇ.

ಸಾಹೇಬರು ಪೆನ್ಸಿಲು ಕೆಳಗಿಟ್ಟು ಅವನನ್ನೇ ನೋಡಿದರು.

"ಆ ತನಿಖಾಧಿಕಾರಿ ನಿನ್ನ ಹುದ್ದೆ ಬೇಡವೆಂದು ಸುಮ್ಮನೆ ಬರೆದಿಲ್ಲ ಕಣಯ್ಯ," ಎಂದು ಹೇಳಿ ರುಜು ಹಾಕಿದರು.