ಹತ್ತು ಷೇರಿನ ಮಾಲೀಕನ ಮತದಾನ

ಉಕ್ಕಿನ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು. ಬೈಂದೂರಿನ ಹೆದ್ದಾರಿ ಬದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದೇನೆ. ಕಬ್ಬಿಣದ ಪೈಪನ್ನು ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಅದು ಎಷ್ಟು ದಪ್ಪ ಎಂದು ಹೇಳಿಬಿಡುತ್ತೇನೆ. ಇಂಥ ನಾನು ಒಂದು ದೊಡ್ಡ ಉಕ್ಕು ಕಂಪನಿಯ ಹತ್ತು ಷೇರು ಕೊಂಡಾಗ ಅದನ್ನು ಹೂಡಿಕೆ ಎಂದು ತಿಳಿಯಲಿಲ್ಲ. ಅಧಿಕಾರ ಸ್ವೀಕಾರ ಎಂದೇ ತಿಳಿದೆ! ಅಂದಿನಿಂದ ಆ ಕಂಪನಿಯ ಶೀಟು ಅಂಗಡಿಗೆ ಬಂದಾಗಲೆಲ್ಲ ಗಿರಾಕಿಗಳಿಗೆ "ಇದು ನಮ್ಮದೇ ಮಾಲು" ಎಂದು ಹೇಳತೊಡಗಿದೆ.

ನನ್ನ ಹೆಂಡತಿ ಗಿರಿಜ ಒಮ್ಮೆ ಇದನ್ನು ಕೇಳಿಸಿಕೊಂಡಳು. "ಹತ್ತ್ ಷೇರಿಗೇ ಇಷ್ಟ್ ಗತ್ತಾರೆ, ನೂರ್ ಇದ್ದಿದ್ರೆ ನೀವ್ ಊಟಕ್ಕೆ ಮನಿಗ್ ಬತ್ತಿದ್ರ್ಯಾ ಇಲ್ಯಾ?"

ಮಾಲೀಕರು ಎಲ್ಲದಕ್ಕೂ ಉತ್ತರ ಕೊಡುವುದಿಲ್ಲ.

ಈ ಗತ್ತು ಹೋರಾಟದ ರೂಪ ತಾಳಿದ್ದು ನಾವುಂದದಲ್ಲಿ ಮೀನು ಮಾರುವ ಸುಶೀಲಕ್ಕನಿಂದ. ಕಿಟಕಿಗೆ ಗ್ರಿಲ್ ಮಾಡಿಸಲು ಬಂದವರು ಚೀಲದಿಂದ ಒಂದು ಲಕೋಟೆ ತೆಗೆದರು.

"ಮಂಜಣ್ಣ, ನೀವ್ ಆ ಕಂಪನಿ ಜನ ಅಂಬ್ರ್. ಇದನ್ನ್ ಒಂಚೂರ್ ಓದಿ ಹೇಳಿನಿ."

ಕಂಪನಿಯ ವಾರ್ಷಿಕ ಸಭೆಯ ನೋಟೀಸು. ಉತ್ತರದ ಕಡೆ ಇರುವ ಒಂದು ಹಳೆಯ ಕಾರ್ಖಾನೆಯನ್ನು ಬೇರೆ ಕಂಪನಿಗೆ ಮಾರಲು ತೀರ್ಮಾನಿಸಿದ್ದೇವೆ, ಷೇರುದಾರರು ಒಪ್ಪಿಗೆ ನೀಡಬೇಕು ಎಂದು ಅದರಲ್ಲಿತ್ತು. ಊರಿನ ಹೆಸರು ಓದಿದೊಡನೆ ಸುಶೀಲಕ್ಕನ ಕೈ ಸೆರಗಿಗೆ ಹೋಯಿತು.

"ನಮ್ಮನಿಯವ್ರ್ ಅಲ್ಲೇ ಇದ್ದದ್ದ್. ಇಪ್ಪತ್ತಾರ್ ವರ್ಷ. ಕುಲುಮೆ ಎದ್ರ್ ನಿಂತ್ ನಿಂತ್ ಅವ್ರ ಮುಖದ ಒಂದ್ ಬದಿ ಕಪ್ಪಾಯಿತ್ತ್. ಈ ಷೇರೂ ಅಲ್ಲೇ ಕೊಟ್ಟದ್ದ್. ಅವ್ರ್ ಹೋದ್ಮೇಲೆ ನನ್ನ ಹೆಸ್ರಿಗ್ ಆಯ್ತ್." ನೋಟೀಸಿನ ಮೇಲೆ ಬೆರಳಿಟ್ಟು ಕೇಳಿದರು, "ನಮ್ಮತ್ರ ಕೇಂತಿದ್ರಲ್ಲೆ, ಹಾಂಗಾರೆ ಬ್ಯಾಡ ಅಂದೇಳಿ ಹೇಳುಕ್ ಆತ್ತಾ?"

"ಹೇಳುಕ್ ಆತ್ತಾ ಅಂತ ಕೇಂತ್ರ್ಯಾ? ನಾವ್ ಮಾಲೀಕರ್, ಸುಶೀಲಕ್ಕ! ನಾನ್ ಕಾಂತೆ!" ಎಂದು ಹೊಣೆ ಹೊತ್ತುಕೊಂಡುಬಿಟ್ಟೆ.

ಅದೇ ವಾರ 'ಕರಾವಳಿ ಉಕ್ಕು ಷೇರುದಾರರ ಹೋರಾಟ ಸಮಿತಿ' ಅಸ್ತಿತ್ವಕ್ಕೆ ಬಂತು. ನಾನು ಅಧ್ಯಕ್ಷ. ಬೈಂದೂರಿನಿಂದ ಬ್ರಹ್ಮಾವರದವರೆಗೆ ವಿಚಾರಿಸಿದಾಗ ಆ ಕಂಪನಿಯ ಷೇರು ಇದ್ದವರು ಇನ್ನಿಬ್ಬರು ಸಿಕ್ಕಿದರು. ಒಬ್ಬರು ಸಾಲಿಗ್ರಾಮದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ವಾಸಣ್ಣ, ಇನ್ನೊಬ್ಬರು ಕೊಲ್ಲೂರಿನ ಒಂದು ಲಾಡ್ಜಿನ ಮ್ಯಾನೇಜರ್ ರಾಘಣ್ಣ. ಸುಶೀಲಕ್ಕ ಸೇರಿ ನಾಲ್ವರು. ಕುಂದಾಪುರದ ಹೋಟೆಲೊಂದರಲ್ಲಿ ಗೋಳಿಬಜೆಯ ಸಮಕ್ಷಮದಲ್ಲಿ ಮೊದಲ ಸಭೆ ನಡೆಯಿತು.

ವಾಸಣ್ಣ ಕಂಪನಿಯ ವರದಿ ಬಿಚ್ಚಿ ಒಂದು ದುಂಡನೆಯ ಚಿತ್ರ ತೋರಿಸಿದರು. ಕಂಪನಿ ಯಾರದು ಎಂಬುದನ್ನು ಹಲಸಿನ ಹಣ್ಣಿನ ಹಾಗೆ ಹೋಳು ಮಾಡಿ ತೋರಿಸಿದ್ದರು. ದೊಡ್ಡ ಹೋಳು ಕಂಪನಿ ಕಟ್ಟಿದ ಮನೆತನದ್ದು. ಅದರ ಪಕ್ಕದ್ದು ಸಂಸ್ಥೆಗಳದ್ದು: ಮ್ಯೂಚುವಲ್ ಫಂಡು, ವಿಮಾ ಕಂಪನಿ, ವಿದೇಶಿ ಹೂಡಿಕೆದಾರರು. ಉಳಿದದ್ದು ಸಾರ್ವಜನಿಕರದ್ದು.

"ಕಾಣಿ, ನಮ್ಮ ಹೋಳ್ ಎಷ್ಟ್ ದೊಡ್ಡದಿತ್ತ್!" ಎಂದೆ.

"ಅದ್ರಗೆ ನಾವ್ ನಾಲ್ಕ್ ಜನ ಮಾತ್ರ ಅಲ್ಲ ಮಾರಾಯ್ರೆ. ಇಡೀ ದೇಶದ ಲಕ್ಷಗಟ್ಲೆ ಜನ ಇದ್ದ್ರ್," ಎಂದ ವಾಸಣ್ಣ ಆ ಹೋಳಿನ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ಆಮೇಲೆ ಅದನ್ನೇ ದಿಟ್ಟಿಸಿ, "ಇದ್ ನಾವ್. ಚುಕ್ಕಿ ಸಲ್ಪ ದಪ್ಪ ಆಯ್ತ್," ಎಂದರು.

ಇಂಥ ಮಾತಿಗೆ ಎದೆಗುಂದುವ ಅಧ್ಯಕ್ಷ ನಾನಲ್ಲ. ಇಂಥ ಮಾರಾಟಕ್ಕೆ ಬೇಡ ಎಂದವರ ಮೂರು ಪಟ್ಟಾದರೂ ಬೇಕು ಎಂಬ ಮತ ಬೀಳಬೇಕೆಂದು ರಾಘಣ್ಣ ಓದಿ ತಿಳಿದಿದ್ದರು. ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಮತ ಬೇಡ ಎಂದರೆ ಸಾಕು, ಸಂಸ್ಥೆಗಳಲ್ಲಿ ಕೆಲವನ್ನು ಒಲಿಸಿಕೊಂಡರೆ ಕೆಲಸ ಆದ ಹಾಗೆಯೇ! ಪಂಚಾಯಿತಿ ಚುನಾವಣೆಯಲ್ಲಿ ಮನೆ ಮನೆ ತಿರುಗಿದ ಅನುಭವ ನನಗಿತ್ತು. ಮರುದಿನವೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುಂದಾಪುರದಲ್ಲಿರುವ ಒಂದು ವಿಮಾ ಕಂಪನಿಯ ಶಾಖೆಗೆ ಮತ ಯಾಚಿಸಲು ಹೋದೆ.

ಅಲ್ಲಿನ ಅಧಿಕಾರಿ ಬಹಳ ಗೌರವದಿಂದ ಕೂರಿಸಿದರು. ನಾನು ಕಾರ್ಖಾನೆ, ಕುಲುಮೆ, ಸುಶೀಲಕ್ಕನ ಗಂಡ, ಎಲ್ಲವನ್ನೂ ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿ, ಕೊನೆಗೆ ನಿಟ್ಟುಸಿರು ಬಿಟ್ಟರು. "ಬೆಂಕಿ ಎದ್ರ್ ಕೆಲ್ಸ ಅಂದ್ರೆ ಹಾಂಗೇ. ನೀವೂ ವೆಲ್ಡಿಂಗ್ ಮಾಡುವವ್ರ್. ನಿಮ್ಗ್ ಪಾಲಿಸಿ ಇತ್ತಾ?"

ಮತ ಕೇಳಲು ಹೋದವನು ಪಾಲಿಸಿ ಮಾಡಿಸಿಕೊಂಡು ಬಂದೆ.

ಗಿರಿಜ ಆ ಕಾಗದ ತಿರುಗಿಸಿ ನೋಡಿದಳು. "ನಿಮ್ ಪಾಲಿಸಿ ದುಡ್ಡೂ ಅವ್ರ್ ಆ ಉಕ್ಕಿನ ಕಂಪನಿಗೇ ಹಾಕ್ತ್ರ್ ಅಲ್ದಾ? ಹಾಂಗಾರೆ ನೀವೀಗ ಆಚಿ ಬದಿಗೂ ಸೇರಿದಾಂಗ್ ಆಯ್ತ್."

ಮತದಾನ ಫೋನಿನಲ್ಲೇ ನಡೆಯುವುದಿತ್ತು. ಸಭೆಗೆ ಮೂರು ದಿನ ಮುಂಚೆ ಅದು ಶುರುವಾಯಿತು. ಒಗ್ಗಟ್ಟು ಮುರಿಯಬಾರದೆಂದು, ನಾಲ್ವರೂ ಒಂದೇ ಹೊತ್ತಿಗೆ ನನ್ನ ಮಾರ್ಗದರ್ಶನದಲ್ಲಿ ಮತ ಹಾಕಬೇಕೆಂದು ಆಜ್ಞಾಪಿಸಿದ್ದೆ. ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಯಂತ್ರಗಳನ್ನೆಲ್ಲ ನಿಲ್ಲಿಸಿದೆ. ಮೂವರಿಗೂ ಒಟ್ಟಿಗೆ ಕರೆ ಮಾಡಿ, ಗಿರಿಜಳ ಫೋನಿನಲ್ಲಿ ಮತದಾನದ ಪುಟ ತೆರೆದೆ. ಪಾಸ್‌ವರ್ಡು ಮರೆತದ್ದು, ಓಟಿಪಿ ಬಾರದ್ದು, ಬಂದ ಓಟಿಪಿಯನ್ನು ರಾಘಣ್ಣ ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದ್ದು, ಇವೆಲ್ಲ ಮುಗಿಯುವಾಗ ಹನ್ನೊಂದೂವರೆ.

ಪರದೆಯ ಮೇಲೆ ಕಾರ್ಖಾನೆ ಮಾರುವ ಠರಾವು ಬಂತು. ಅದರ ಎದುರು ಇಂಗ್ಲಿಷಿನಲ್ಲಿ ಎರಡು ಶಬ್ದ. ಒಂದು ಅಸೆಂಟ್, ಇನ್ನೊಂದು ಡಿಸೆಂಟ್.

ಬೇಕು, ಬೇಡ ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

"ಮಂಜಣ್ಣ, ಯಾವ್ದನ್ನ್ ಒತ್ತುದ್?" ವಾಸಣ್ಣ ಕೇಳಿದರು.

ಅಧ್ಯಕ್ಷನಾದವನು ಗೊತ್ತಿಲ್ಲ ಎನ್ನುವ ಹಾಗಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ತರ್ಕಕ್ಕೆ ಕುಳಿತೆ. ಡಿಸೆಂಟ್ ಅಂದರೆ ಡೀಸೆಂಟ್. ಡೀಸೆಂಟ್ ಅಂದರೆ ಮರ್ಯಾದಸ್ಥ, ಹೇಳಿದ್ದಕ್ಕೆಲ್ಲ ಹೂಂ ಎನ್ನುವವನು. ಅಸೆಂಟ್ ಅಂದರೆ ಆಬ್ಸೆಂಟಿನ ಹತ್ತಿರದ ಸಂಬಂಧಿ. ಇಲ್ಲ ಎಂದರ್ಥ!

"ಅಸೆಂಟ್ ಒತ್ತಿ!" ಎಂದು ಘೋಷಿಸಿದೆ.

"ಹ್ವಾಯ್ ಮಂಜಣ್ಣ, ಒಂದ್ ಗಳಿಗಿ ನಿಲ್ಲಿ..." ಸುಶೀಲಕ್ಕನ ದನಿ ಕೇಳಿತು.

"ಪ್ರಶ್ನೆ ಎಲ್ಲ ಆಮೇಲೆ, ಸುಶೀಲಕ್ಕ! ನೆಟ್‌ವರ್ಕ್ ಇಪ್ಪಾಗ್ಲೇ ಒತ್ತಿ! ಒಂದ್, ಎರಡ್, ಮೂರ್!"

ಒತ್ತಿದೆವು. ಒಮ್ಮೆ ಹಾಕಿದ ಮತವನ್ನು ಬದಲಿಸಲು ಬಾರದು ಎಂಬ ಸೂಚನೆ ಬಂತು. ಬದಲಿಸುವವರು ಯಾರು? ನಾವೇನು ಮಾತು ತಪ್ಪುವ ಜನವೇ?

ಅಂದು ಸಂಜೆಯೇ ಪತ್ರಿಕಾ ಹೇಳಿಕೆ ಬರೆದು ಊರಿನ ವರದಿಗಾರನಿಗೆ ಕಳಿಸಿದೆ. 'ಕಾರ್ಖಾನೆ ಮಾರಾಟವನ್ನು ತೀವ್ರವಾಗಿ ಖಂಡಿಸಿ ಸಮಿತಿಯ ಎಲ್ಲ ಸದಸ್ಯರು ಒಕ್ಕೊರಲಿನಿಂದ ಅಸೆಂಟ್ ಮತ ಚಲಾಯಿಸಿರುತ್ತಾರೆ.' ಹತ್ತು ನಿಮಿಷದಲ್ಲಿ ಅವನ ಫೋನು ಬಂತು.

"ಮಂಜಣ್ಣ, ಖಂಡಿಸುದ್ ಅಂತ ಬರ್ದಿರಿ. ಅಸೆಂಟ್ ಅಂದ್ರೆ ಒಪ್ಪಿಗೆ ಅಲ್ದಾ? ಬ್ಯಾಡ ಅಂಬುಕೆ ಡಿಸೆಂಟ್ ಒತ್ಕಿತ್."

ನಾನು ಅಲ್ಲೇ ಇದ್ದ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತೆ.

ಮತದಾನದ ಸಹಾಯವಾಣಿಗೆ ಕರೆ ಮಾಡಿ, ತಪ್ಪಿ ಬಿದ್ದ ನಾಲ್ಕು ಮತಗಳನ್ನು ದಯವಿಟ್ಟು ಹಿಂದಿರುಗಿಸಬೇಕೆಂದು ನನಗೆ ಬರುವಷ್ಟು ಹಿಂದಿಯಲ್ಲಿ ಬೇಡಿಕೊಂಡೆ. ಫೋನೆತ್ತಿದ ಹೆಣ್ಣುಮಗಳು ಮೂರು ಸಲವೂ ಅದೇ ಸಮಾಧಾನದಲ್ಲಿ ಆಗುವುದಿಲ್ಲ ಎಂದಳು. ಸಭೆ ಮುಗಿದು ಫಲಿತಾಂಶ ಬಂತು. ಮನೆತನದವರು ಒಪ್ಪಿದ್ದರು, ಸಂಸ್ಥೆಗಳಲ್ಲಿ ಹೆಚ್ಚಿನವು ಒಪ್ಪಿದ್ದವು. ಠರಾವು ಭಾರಿ ಬಹುಮತದಿಂದ ಪಾಸಾಗಿತ್ತು. ನಾವು ಸರಿಯಾಗಿ ಒತ್ತಿದ್ದರೂ ಅದು ನಿಲ್ಲುತ್ತಿರಲಿಲ್ಲ. ಆದರೆ ನನಗೆ ಆ ಲೆಕ್ಕ ಬೇಕಿರಲಿಲ್ಲ. ಸುಶೀಲಕ್ಕ ಹೇಳಬೇಕೆಂದಿದ್ದದ್ದು ಒಂದೇ ಒಂದು ಮಾತು. ಅದನ್ನೂ ನಾನು ತಿರುಗಾಮುರುಗಾ ಮಾಡಿದ್ದೆ. ಎರಡು ದಿನ ಅನ್ನ ಸೇರಲಿಲ್ಲ.

"ಹೋಯಿ ಹೇಳಿ ಬನ್ನಿ," ಎಂದಳು ಗಿರಿಜ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ರಾಜೀನಾಮೆ ಪತ್ರ ಬರೆದು ಕಿಸೆಯಲ್ಲಿಟ್ಟುಕೊಂಡು ನಾವುಂದಕ್ಕೆ ಹೋದೆ. ಸುಶೀಲಕ್ಕ ಜಗಲಿಯಲ್ಲಿ ಮೀನಿನ ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಕಾರ್ಖಾನೆ ಮಾರಾಟವಾದದ್ದು, ನನ್ನ ಇಂಗ್ಲಿಷು, ಅವರ ಮತ ನನ್ನಿಂದ ಹಾಳಾದದ್ದು.

ಅವರು ಕೈ ಒರೆಸಿಕೊಂಡರು. "ಮಾರ್ದ್ರಾ?" ಎಂದು ಮೆಲ್ಲಗೆ ಕೇಳಿ, ಬುಟ್ಟಿಯನ್ನು ಬದಿಗೆ ಸರಿಸಿದರು. ಆಮೇಲೆ, "ನನ್ನ ಮತ ಹಾಳಾಯ್ಲಿಲ್ಲೆ ಮಂಜಣ್ಣ. ನಾನ್ ಡಿಸೆಂಟ್ ಒತ್ತದ್ದ್," ಎಂದರು.

"ಎಂತ?"

"ನಮ್ಮನಿಯವ್ರ್ ಯೂನಿಯನ್ನಲ್ಲಿ ಇದ್ರಲ್ಲೆ. ಮೀಟಿಂಗಿಗ್ ಹೋಯಿ ಬಂದ್ರೆ, ಇವತ್ತೂ ನಾನ್ ಡಿಸೆಂಟ್ ಬರ್ಸಿ ಬಂದೆ ಅಂತಿದ್ರ್. ಹಾಂಗಂದ್ರೆ ಎಂತ ಅಂದೇಳಿ ಒಂದಿನ ಕೇಂಡೆ. ನಾ ಒಪ್ಪುದಿಲ್ಲೆ ಅಂತ ಬಾಯ್‌ಬಿಟ್ಟ್ ಹೇಳುದ್ ಅಂದ್ರ್. ನಿಮ್ಗೂ ಹೇಳುಕ್ ಬಂದೆ. ನೀವ್ ಒಂದ್ ಎರಡ್ ಮೂರ್ ಅಂದ್ರಿ."

ನಾನು ಕಿಸೆಯಿಂದ ರಾಜೀನಾಮೆ ತೆಗೆದು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ.

"ಅದೆಲ್ಲ ಎಂತಕೆ? ಬ್ಯಾಡ ಅಂದೇಳಿ ಹೇಳ್ಬೇಕಿತ್ತ್, ಹೇಳಿ ಆಯ್ತ್. ಒಳಗ್ ಬನ್ನಿ, ಚಾ ಮಾಡ್ತೆ."

ಚಾ ಕುಡಿಯುತ್ತ ನಾನು ಮನಸ್ಸಿನಲ್ಲೇ ಸಮಿತಿಯ ಅಂತಿಮ ವರದಿ ಸಿದ್ಧಪಡಿಸಿದೆ. ಸದಸ್ಯರು ನಾಲ್ವರು. ಹೋರಾಡಿದವರು ಒಬ್ಬರು. ಅಧ್ಯಕ್ಷರು ಎದುರು ಪಕ್ಷಕ್ಕೆ ಮೂರು ಮತ ತಂದುಕೊಟ್ಟಿರುತ್ತಾರೆ!